ಸೋತ ಮೇಲೆ ಸಿಗುವ ಕೂಲಿ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗನನ್ನು ಕರೆದುಕೊಂಡು ಒಂದು ಬೆಳಿಗ್ಗೆ ವರದಮೂಲಕ್ಕೆ ಹೋಗಿದ್ದೆ. ಸಾಗರ ಪೇಟೆಯಿಂದ ಹೆಚ್ಚು ದೂರವಿಲ್ಲ, ಇಕ್ಕೇರಿಯ ಆಸುಪಾಸಿನ ಊರು. ಬನವಾಸಿಯನ್ನು ಬಳಸಿ ಹರಿದು ಹಾವೇರಿ ಜಿಲ್ಲೆಯ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡುವ ವರದೆ ಹುಟ್ಟುವುದು ಇಲ್ಲಿ. ಅಷ್ಟು ದೂರ ಹರಿಯುವ ನದಿ ಎಷ್ಟು ಸಣ್ಣದಾಗಿ ಶುರುವಾಗುತ್ತದೆ ಎಂಬುದನ್ನು ಹುಡುಗನಿಗೆ ತೋರಿಸಬೇಕೆಂಬುದು ನನ್ನ ಆಸೆ. ಅವನ ಕಣ್ಣು ಮಾತ್ರ ಮೊಬೈಲ್ ಬಿಟ್ಟು ಕದಲಲಿಲ್ಲ. ಸಿಗ್ನಲ್ ಬರುತ್ತಿತ್ತು, ಹೋಗುತ್ತಿತ್ತು. ನಾನು ಗದರಬೇಕು ಎನ್ನುವಷ್ಟರಲ್ಲಿ ಅವನೇ ಬಾಯಿಬಿಟ್ಟ.

"ಮಾಮೂ, ಬರುವಾಗ ದಾರಿಯ ಹಳ್ಳಿಯೊಂದರಲ್ಲಿ ನನ್ನ ಬ್ಲಿಸ್ಸಿಯನ್ನು ಕಾವಲಿಗೆ ನಿಲ್ಲಿಸಿದ್ದೆ. ಹನ್ನೊಂದು ದಿನವಾಯಿತು. ಯಾರೂ ಬಂದು ಸೋಲಿಸುತ್ತಲೇ ಇಲ್ಲ."

"ಸೋಲದಿದ್ದರೆ ಒಳ್ಳೆಯದೇ ಅಲ್ಲವೇನೋ?"

"ಎಲ್ಲಿ ಒಳ್ಳೆಯದು! ಸೋತು ವಾಪಸು ಬಂದರೆ ತಾನೆ ನಾಣ್ಯ ಸಿಗುವುದು? ಬೇಗ ಸೋಲಲಿ ಅಂತ ಹಣ್ಣು ತಿನ್ನಿಸುವುದನ್ನೂ ನಿಲ್ಲಿಸಿದ್ದೇನೆ."

ಗೆದ್ದು ನಿಂತಷ್ಟು ದಿನ ಕೂಲಿಯಿಲ್ಲ, ಸೋತು ಬಂದರೆ ಕೂಲಿ. ಇದೆಂಥ ಕಾವಲು? ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ನಮ್ಮ ಪತ್ರಿಕೆಗಳು ಸಿನಿಮಾವನ್ನು ವಿಮರ್ಶಿಸುತ್ತವೆ, ಕಾದಂಬರಿಯನ್ನು ವಿಮರ್ಶಿಸುತ್ತವೆ. ಮಕ್ಕಳು ಗಂಟೆಗಟ್ಟಲೆ ಮುಳುಗಿರುವ ಮೊಬೈಲ್ ಆಟಗಳ ಪಾಲಿಗೆ ಬರುವುದು ಎರಡೇ: ಒಂದೋ ಹಿರಿಯರ ಬೈಗುಳ, ಇಲ್ಲವೇ ಕಂಪೆನಿಯ ಜಾಹೀರಾತು. ಒಂದು ಆಟವೂ ಕಥೆಯಂತೆಯೇ ಒಂದು ಲೋಕವನ್ನು ಕಟ್ಟುತ್ತದೆ. ಅದರ ನಿಯಮಗಳೇ ಅದರ ಮೌಲ್ಯಗಳು. ಹಾಗಾದರೆ ಅದನ್ನು ಓದಿಯೇ ಬಿಡೋಣ ಎಂದುಕೊಂಡೆ.

ಬಗೆಗಳ ಲೋಕ

ಆಟದ ಹೆಸರು ಪೋಕೆಮಾನ್ ಗೋ. ಇದರ ಮೂಲ ಜಪಾನಿನ ಸತೋಶಿ ತಾಜಿರಿ ಎಂಬವರ ಬಾಲ್ಯದ ಹವ್ಯಾಸ. ಹುಡುಗನಾಗಿದ್ದಾಗ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದ ಅವರು, ಆ ಸುಖವನ್ನು ಪೇಟೆಯ ಮಕ್ಕಳಿಗೂ ದಾಟಿಸಬೇಕೆಂದು ರೂಪಿಸಿದ ವೀಡಿಯೋ ಆಟ 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಅದರ ಜೀವಿಗಳನ್ನು ಮೊಬೈಲ್ ಹಿಡಿದು ಬೀದಿಯಲ್ಲಿ ನಡೆಯುತ್ತಾ ಹುಡುಕುವಂತೆ ಅಮೆರಿಕದ ನಯಾಂಟಿಕ್ ಕಂಪೆನಿ ಮಾಡಿದ್ದು 2016ರ ಜುಲೈಯಲ್ಲಿ. ಭಾರತಕ್ಕೆ ಅದು ಅಧಿಕೃತವಾಗಿ ಬಂದದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ.

ಈ ಲೋಕದಲ್ಲಿ ಪ್ರತಿಯೊಂದು ಜೀವಿಯೂ ಒಂದು ಅಥವಾ ಎರಡು 'ಬಗೆ'ಗೆ ಸೇರಿರುತ್ತದೆ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಹೀರುತ್ತದೆ. ಮೂರರ ಈ ಸರಳ ಸುತ್ತಿನಿಂದ ಹೊರಟ ಲೆಕ್ಕ ಈಗ ಹದಿನೆಂಟು ಬಗೆಗಳಿಗೆ ಬೆಳೆದಿದೆ: ನೆಲ, ಬಂಡೆ, ಉಕ್ಕು, ವಿಷ, ಭೂತ, ಕುಸ್ತಿ, ಹೀಗೆ. ಮೊದಲ ಆಟದಲ್ಲಿದ್ದದ್ದು ಹದಿನೈದು. ಕೊನೆಯದಾಗಿ ಫೇರಿ ಎಂಬ ಬಗೆ ಸೇರಿದ್ದು 2013ರಲ್ಲಿ. ಈ ಹದಿನೆಂಟರಲ್ಲಿ ದೌರ್ಬಲ್ಯವಿಲ್ಲದ ಬಗೆ ಒಂದೂ ಇಲ್ಲ. ಡ್ರ್ಯಾಗನ್ ಕೂಡ ಮಂಜಿಗೆ ಸೋಲುತ್ತದೆ. ಈ ಲೋಕದ ಮೊದಲ ಸತ್ಯವೆಂದರೆ ಇದೇ, ಮತ್ತು ಇದು ಸಣ್ಣ ಸತ್ಯವೇನಲ್ಲ.

ಬೀದಿಯ ಕೆಲವು ತಾಣಗಳಿಗೆ ಆಟದಲ್ಲಿ ಜಿಮ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಗರಡಿ. ಆಟಗಾರರು ನೀಲಿ, ಕೆಂಪು, ಹಳದಿ ಎಂಬ ಮೂರು ಪಂಗಡಗಳಲ್ಲಿ ಒಂದನ್ನು ಸೇರಿ, ಗರಡಿಯಲ್ಲಿ ತಮ್ಮ ಜೀವಿಯನ್ನು ಕಾವಲಿಗೆ ನಿಲ್ಲಿಸುತ್ತಾರೆ. ಬೇರೆ ಬಣ್ಣದವರು ಬಂದು ಹೊಡೆದು ಓಡಿಸುತ್ತಾರೆ. ನಾನು ಬರೆಯಹೊರಟಿರುವುದು ಈ ಕಾವಲಿನ ಬಗ್ಗೆ.

ಬಲಿಷ್ಠರ ಗೋಪುರ

ಮೊದಲ ವರ್ಷ ಗರಡಿಯ ನಿಯಮ ಬೇರೆಯಿತ್ತು. ಒಂದೊಂದು ಗರಡಿಯಲ್ಲಿ ಹತ್ತು ಜೀವಿಗಳವರೆಗೆ ನಿಲ್ಲಬಹುದಿತ್ತು. ನಿಲ್ಲುವ ಕ್ರಮ ಬಲದ ಅಂಕಿಯ ಪ್ರಕಾರ: ಕಡಿಮೆಯದು ಕೆಳಗೆ, ಹೆಚ್ಚಿನದು ಮೇಲೆ. ಒಂದೇ ಜೀವಿ ಎಷ್ಟು ಸಲ ಬೇಕಾದರೂ ಇರಬಹುದಿತ್ತು. ಪರಿಣಾಮ ಊಹಿಸುವುದು ಕಷ್ಟವಲ್ಲ. ಎಲ್ಲಿ ನೋಡಿದರೂ ಡ್ರ್ಯಾಗನೈಟ್, ಸ್ನಾರ್ಲ್ಯಾಕ್ಸ್. 2017ರ ಫೆಬ್ರವರಿಯ ನಂತರ ಬ್ಲಿಸ್ಸಿ. ಮೊದಲೇ ಬಂದು ಬೆಳೆದವರು ಗೋಪುರ ಕಟ್ಟಿ ಕೂತರು. ಹೊಸಬನ ಸಣ್ಣ ಜೀವಿಗೆ ಅಲ್ಲಿ ನಿಲ್ಲಲು ಜಾಗವೇ ಇರಲಿಲ್ಲ; ನಿಂತರೂ ಗಂಟೆಯೊಳಗೆ ಹೊರಗೆ.

2017ರ ಜೂನ್‌ನಲ್ಲಿ ಕಂಪೆನಿ ಗರಡಿಗಳನ್ನೆಲ್ಲ ಮುಚ್ಚಿ ಹೊಸ ಕಟ್ಟಳೆಗಳೊಂದಿಗೆ ತೆರೆಯಿತು. ಆರಕ್ಕಿಂತ ಹೆಚ್ಚು ಕಾವಲುಗಾರರಿಲ್ಲ. ಒಂದು ಜಾತಿಯ ಜೀವಿ ಒಂದು ಗರಡಿಯಲ್ಲಿ ಒಂದೇ ಸಲ. ಕಾಳಗದ ಸರದಿ ಬಲದ ಪ್ರಕಾರವಲ್ಲ, ಬಂದು ನಿಂತ ಕ್ರಮದ ಪ್ರಕಾರ. ನಿಂತವರ ಉತ್ಸಾಹ ದಿನ ಕಳೆದಂತೆ ಕುಗ್ಗುತ್ತದೆ. ಅತಿ ಬಲಿಷ್ಠರದು ಇನ್ನೂ ಬೇಗ ಕುಗ್ಗುತ್ತದೆ. ಪುರಾಣ ಖ್ಯಾತಿಯ ಅಪರೂಪದ ಮಹಾಜೀವಿಗಳಿಗೆ ಕಾವಲಿನಲ್ಲಿ ಪ್ರವೇಶವೇ ಇಲ್ಲ.

ಇದನ್ನು ಒಂದು ಸುಧಾರಣೆಯ ಕಾಯಿದೆಯೆಂದೇ ಓದಬಹುದು. ಏಕಸ್ವಾಮ್ಯವನ್ನು ಒಡೆಯಲು ಉಪದೇಶ ಮಾಡಲಿಲ್ಲ, ಮಿತಿ ಹಾಕಿದರು. ವೈವಿಧ್ಯ ಒಳ್ಳೆಯದೆಂದು ಫಲಕ ಬರೆಸಿ ತೂಗುಹಾಕಲಿಲ್ಲ, ಅದಿಲ್ಲದೆ ಗರಡಿ ತುಂಬದ ಹಾಗೆ ಮಾಡಿದರು. ಆಟದ ವಿನ್ಯಾಸದ ದೃಷ್ಟಿಯಿಂದ ಇದು ಮೆಚ್ಚತಕ್ಕ ಕೆಲಸ.

ಕೊನೆಗೆ ಬಂದವನ ಜಾಣ್ಮೆ

ಈ ಕಟ್ಟಳೆಗಳಿಂದ ಹುಟ್ಟಿದ ಕಲೆಯೇ ಬಗೆಗಳ ಜೋಡಣೆ. ಹುಡುಗ ನನಗೆ ಅದನ್ನು ಹಾಳೆಯ ಮೇಲೆ ಬರೆದು ತೋರಿಸಿದ.

ಕಾವಲಿಗೆ ಎಲ್ಲರೂ ಮೊದಲು ಹುಡುಕುವುದು ಬ್ಲಿಸ್ಸಿಯನ್ನು. ಇದು ಡ್ರ್ಯಾಗನ್ ಅಲ್ಲ, ರಾಕ್ಷಸನೂ ಅಲ್ಲ. ಹೊಟ್ಟೆಯ ಚೀಲದಲ್ಲಿ ಮೊಟ್ಟೆ ಇಟ್ಟುಕೊಂಡು ರೋಗಿಗಳನ್ನು ಉಪಚರಿಸುವ, ಗುಲಾಬಿ ಬಣ್ಣದ ದಾದಿ. ಹೊಡೆಯುವುದು ಕಡಿಮೆ, ತಾಳಿಕೊಳ್ಳುವುದು ಅಪಾರ. ಆದರೆ ಅದು 'ಸಾಮಾನ್ಯ' ಬಗೆ; ಕುಸ್ತಿಯ ಬಗೆಯವರ ಏಟು ಅದಕ್ಕೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಲೆಕ್ಕ ಹೇಳಬೇಕೆಂದರೆ 1.6 ಪಟ್ಟು, ಬೀಳುತ್ತದೆ. ಹಾಗಾಗಿ ಎದುರಾಳಿ ಮಚಾಂಪ್‌ನಂಥ ನಾಲ್ಕು ತೋಳಿನ ಜಟ್ಟಿಗಳನ್ನೇ ಕರೆತರುತ್ತಾನೆ.

ಈಗ ಬ್ಲಿಸ್ಸಿಯ ಹಿಂದೆ ಯಾರು ನಿಲ್ಲಬೇಕು? ಇನ್ನೊಂದು ಸಾಮಾನ್ಯ ಬಗೆಯ ಸ್ನಾರ್ಲ್ಯಾಕ್ಸ್ ನಿಂತರೆ ಅದೇ ಜಟ್ಟಿ ಅದೇ ಏಟಿನಲ್ಲಿ ಮುಂದುವರಿಯುತ್ತಾನೆ. ಅದರ ಬದಲು ಫೇರಿ ಮತ್ತು ಹಾರುವ ಬಗೆ ಎರಡೂ ಆಗಿರುವ ಟೋಗೆಕಿಸ್ ನಿಂತರೆ ಜಟ್ಟಿಯ ಏಟು 0.39ಕ್ಕೆ ಇಳಿದುಬಿಡುತ್ತದೆ. ಎದುರಾಳಿ ತನ್ನವರನ್ನು ಬದಲಿಸಬೇಕು. ಟೋಗೆಕಿಸ್‌ಗೆ ಬಂಡೆ, ಮಂಜು, ಉಕ್ಕು, ವಿಷ, ಮಿಂಚುಗಳ ಭಯ. ಅದರ ಹಿಂದೆ ಉಕ್ಕಿನ ಮೈಯ ಮೆಟಗ್ರಾಸ್ ಇದ್ದರೆ ಈ ಐದರಲ್ಲಿ ನಾಲ್ಕನ್ನು ಅದು ತಡೆದುಕೊಳ್ಳುತ್ತದೆ. ಮೆಟಗ್ರಾಸ್‌ಗೆ ಬೆಂಕಿ ಮತ್ತು ನೆಲದ ಭಯ. ಅದರ ಹಿಂದೆ ಎರಡಕ್ಕೂ ಜಗ್ಗದ ಗ್ಯಾರಡೋಸ್. ಗ್ಯಾರಡೋಸ್‌ಗೆ ಮಿಂಚೆಂದರೆ ಆಗದು. ಹೀಗೆ ಒಬ್ಬನ ಕೊರತೆಯ ಜಾಗದಲ್ಲಿ ಇನ್ನೊಬ್ಬ ನಿಲ್ಲುತ್ತಾ ಹೋಗುವುದು. ಆರನೆಯವನಿಗೂ ಒಂದು ಕೊರತೆ ಉಳಿದೇ ಉಳಿಯುತ್ತದೆ. ಬೀಳದ ಗರಡಿ ಎಂಬುದಿಲ್ಲ. ಜೋಡಣೆ ಚೆನ್ನಾಗಿದ್ದರೆ ಬೀಳುವುದು ತಡವಾಗುತ್ತದೆ, ಅಷ್ಟೇ. ನಮ್ಮ ಸೀಮೆಯವರಿಗೆ ಇದು ಹೊಸ ಮಾತಲ್ಲ. ಕಾಡು, ಮಳೆ, ಕೋಟೆ ಎಲ್ಲದರ ಕಾವಲಿದ್ದ ಕೆಳದಿ ಅರಸರ ಬಿದನೂರು 1763ರಲ್ಲಿ ಹೈದರಾಲಿಯ ಕೈಸೇರಿತು.

ಅಂಕಿಯನ್ನೇ ನಂಬುವವರಿಗೆ ಆಟ ಒಂದು ತಮಾಷೆಯ ಪಾಠವನ್ನೂ ಇಟ್ಟಿದೆ. ಸ್ಲೇಕಿಂಗ್ ಎಂಬ ಜೀವಿಯ ಬಲದ ಅಂಕಿ ಬ್ಲಿಸ್ಸಿಗಿಂತ ಎಷ್ಟೋ ಮೇಲೆ. ಆದರೆ ಕಾಳಗಕ್ಕೆ ಇಳಿದರೆ ಅದು ಹೆಚ್ಚು ಹೊತ್ತು ಆಕಳಿಸುತ್ತಲೇ ಇರುತ್ತದೆ. ಆ ಆಕಳಿಕೆಯಿಂದ ಯಾರಿಗೂ ನೋವಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಆರು ಮಂದಿ ಕಾವಲುಗಾರರ ಒಡೆಯರು ಸಾಮಾನ್ಯವಾಗಿ ಪರಸ್ಪರ ಅಪರಿಚಿತರು. ಮೊದಲು ಬಂದವನು ತನ್ನಲ್ಲಿರುವ ಅತ್ಯುತ್ತಮವಾದುದನ್ನು ನಿಲ್ಲಿಸಿ ಹೋಗುತ್ತಾನೆ. ಜಾಣ್ಮೆ ಬೇಕಿರುವುದು ಆಮೇಲೆ ಬಂದವನಿಗೆ. 'ನನ್ನಲ್ಲಿ ಅತಿ ದೊಡ್ಡದು ಯಾವುದು' ಎಂದಲ್ಲ, 'ಇಲ್ಲಿ ಈಗ ಇಲ್ಲದ್ದು ಯಾವುದು' ಎಂದು ಅವನು ಕೇಳಿಕೊಳ್ಳಬೇಕು. ಒಳ್ಳೆಯ ಆಟಗಾರ ಎಷ್ಟೋ ಸಲ ತನ್ನ ಅತಿ ಬಲಿಷ್ಠ ಜೀವಿಯನ್ನು ಒಳಗಿಟ್ಟು, ಸಾಧಾರಣವಾದ ಆದರೆ ಅಲ್ಲಿಗೆ ಹೊಂದುವ ಇನ್ನೊಂದನ್ನು ನಿಲ್ಲಿಸುತ್ತಾನೆ. ನನ್ನನ್ನು ಈ ಆಟ ಗೆದ್ದದ್ದು ಇಲ್ಲಿ.

ತಂಡವೋ, ಸರದಿಯೋ?

ಆದರೆ ಗೆದ್ದಷ್ಟೇ ಬೇಗ ಬಿಟ್ಟುಕೊಟ್ಟದ್ದೂ ಇಲ್ಲೇ. ಕಾಳಗವನ್ನು ಹುಡುಗ ಆಡಿ ತೋರಿಸಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಎದುರಾಳಿಯೊಂದಿಗೆ ಸೆಣಸುವುದು ಒಂದು ಸಲಕ್ಕೆ ಒಂದೇ ಜೀವಿ. ಅದು ಬೀಳುವಾಗ ಉಳಿದ ಐದು ಏನೂ ಮಾಡುವುದಿಲ್ಲ. ತಮ್ಮ ಸರದಿಗಾಗಿ ಕಾಯುತ್ತವೆ. ರೇಷನ್ ಅಂಗಡಿಯ ಮುಂದಿನ ಸಾಲಿನ ಹಾಗೆ.

ಇದನ್ನು ನಮ್ಮ ಆಡು-ಹುಲಿ ಆಟದ ಪಕ್ಕದಲ್ಲಿಟ್ಟು ನೋಡಬೇಕು. ಮೂರು ಹುಲಿ, ಹದಿನೈದು ಆಡು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ತ್ರಿಕೋನ, ಅದನ್ನು ಕತ್ತರಿಸುವ ಗೆರೆಗಳು. ದಕ್ಷಿಣ ಭಾರತದ ಹಳೆಯ ದೇವಾಲಯಗಳ ಚಪ್ಪಡಿಗಳ ಮೇಲೂ ಇಂಥ ಗೆರೆಗಳನ್ನು ಕೊರೆದದ್ದು ಸಿಗುತ್ತದೆ. ಆಡಿಗೆ ಕೊಲ್ಲುವ ಶಕ್ತಿಯಿಲ್ಲ. ಹುಲಿ ಆಡಿನ ಮೇಲಿಂದ ಹಾರಿ ಅದನ್ನು ತಿನ್ನುತ್ತದೆ. ಹಾರಬೇಕಾದರೆ ಆಡಿನ ಹಿಂದಿನ ಮನೆ ಖಾಲಿಯಿರಬೇಕು. ಆ ಮನೆಯಲ್ಲಿ ಇನ್ನೊಂದು ಆಡು ನಿಂತಿದ್ದರೆ ಹುಲಿಗೆ ದಾರಿಯಿಲ್ಲ. ಹದಿನೈದೂ ಒಂದೇ ಬಗೆಯ ಆಡುಗಳು, ಬಲದ ಅಂಕಿ ಎಲ್ಲದಕ್ಕೂ ಸೊನ್ನೆ. ಆದರೂ ಅವು ಕೊನೆಗೆ ಹುಲಿಗಳನ್ನು ಅಲುಗಾಡದಂತೆ ಕಟ್ಟಿಹಾಕುತ್ತವೆ. ಇಲ್ಲಿ ಹಿಂದೆ ನಿಂತವನು ಸರದಿ ಕಾಯುತ್ತಿಲ್ಲ. ಅವನು ನಿಂತಿರುವುದರಿಂದಲೇ ಮುಂದಿನವನು ಬದುಕಿದ್ದಾನೆ.

ಚದುರಂಗವೂ ಅಷ್ಟೆ. ಆನೆ ನೇರ, ಒಂಟೆ ಓರೆ, ಕುದುರೆ ಜಿಗಿತ. ಮೂರೂ ಬೇರೆ ಬೇರೆ ಪ್ರಾಣಿ, ಬೇರೆ ಬೇರೆ ನಡೆ. ಕುದುರೆಯನ್ನು ಹೊಡೆಯಲು ಬಂದವನ ಮೇಲೆ ಆನೆಯ ಕಣ್ಣಿರುತ್ತದೆ. ಒಂದಕ್ಕೊಂದು 'ಜೋರು' ಕೊಡುವುದು ಎಂದು ಆಡುವವರು ಹೇಳುವುದು ಇದನ್ನೇ. ಪೋಕೆಮಾನ್ ಗೋ ಬಗೆಗಳ ವೈವಿಧ್ಯವನ್ನು ಹದಿನೆಂಟಕ್ಕೆ ಏರಿಸಿತು, ಒಂದಕ್ಕೊಂದು ಆಸರೆಯಾಗುವ ಗುಣವನ್ನು ಮಾತ್ರ ಬಿಟ್ಟುಕೊಟ್ಟಿತು. ಉಳಿದಿರುವ ಒಂದೇ ಎಳೆಯೆಂದರೆ ಹಣ್ಣು: ಗರಡಿಯಲ್ಲಿ ಕುಗ್ಗಿ ನಿಂತ ಅಪರಿಚಿತನ ಜೀವಿಗೂ ಅದೇ ಪಂಗಡದವನು ಹಣ್ಣು ತಿನ್ನಿಸಿ ಉತ್ಸಾಹ ತುಂಬಬಹುದು. ಆಟದಲ್ಲಿ ನೆರೆಹೊರೆ ಎಂಬುದೊಂದಿದ್ದರೆ ಅಷ್ಟೇ.

ಆದ್ದರಿಂದ ಈ ಆಟವನ್ನು ತೋರಿಸಿ 'ನೋಡಿ, ಭಿನ್ನರು ಕೂಡಿ ನಿಂತರೆ ಬಲ' ಎಂದು ಸೌಹಾರ್ದದ ಭಾಷಣ ಮಾಡುವ ಆಸೆಯನ್ನು ನಾನು ತಡೆದುಕೊಳ್ಳುತ್ತೇನೆ. ಭಿನ್ನವಾಗಿರುವುದು ಬೇರೆ, ಕೂಡಿರುವುದು ಬೇರೆ. ಜತೆಗೆ, ಇಲ್ಲಿ ಬಗೆಯೆಂಬುದು ಹುಟ್ಟಿನೊಂದಿಗೆ ಬರುವ ಮುದ್ರೆ. ಜೀವಿಯ ಶತ್ರು ಯಾರು, ಅದು ಯಾವುದಕ್ಕೆ ಸೋಲುತ್ತದೆ ಎಂಬುದೆಲ್ಲ ಮೊದಲೇ ನಿಗದಿ. ಆಟಕ್ಕೆ ಅದು ಸರಿ. ಮನುಷ್ಯರನ್ನು ಹೀಗೆ ಬಗೆಗಳಾಗಿ ವಿಂಗಡಿಸಿ, ಇಂಥವರು ಇಂಥದಕ್ಕೆ ಲಾಯಕ್ಕು ಎಂದು ಜೋಡಿಸುವವರ ಕೈಯಲ್ಲಿ ನಾವು ಸಾಕಷ್ಟು ಅನುಭವಿಸಿದ್ದೇವೆ. ಆ ಜೋಡಣೆಗೂ 'ಪರಸ್ಪರ ಪೂರಕ' ಎಂಬ ಚೆಂದದ ಹೆಸರೇ ಇತ್ತು.

ಶತ್ರುವಿಲ್ಲದ ಹಳ್ಳಿ

ಈಗ ಕೂಲಿಯ ವಿಷಯ. 2017ರ ಕಟ್ಟಳೆಯಂತೆ ಕಾವಲಿನಲ್ಲಿ ನಿಂತ ಜೀವಿ ಹತ್ತು ನಿಮಿಷಕ್ಕೆ ಒಂದು ನಾಣ್ಯ ದುಡಿಯುತ್ತದೆ. ದಿನಕ್ಕೆ ಸಿಗುವ ಮಿತಿ 50. ಎಂಟು ಗಂಟೆ ಇಪ್ಪತ್ತು ನಿಮಿಷ ನಿಂತರೆ ಮಿತಿ ಮುಟ್ಟಿತು. ಹೆಚ್ಚುಕಡಿಮೆ ಒಂದು ಪಾಳಿಯ ದುಡಿಮೆ. ಆದರೆ ನಾಣ್ಯ ಕೈಗೆ ಬರುವುದು ಜೀವಿ ಸೋತು ಮರಳಿದ ದಿನವೇ. ಒಡೆಯ ತಾನಾಗಿ ಅದನ್ನು ವಾಪಸು ಕರೆಸಿಕೊಳ್ಳುವಂತಿಲ್ಲ. ಹನ್ನೊಂದು ದಿನ ನಿಂತರೂ, ಮೂರು ತಿಂಗಳು ನಿಂತರೂ ಮರಳಿದ ದಿನ ಸಿಗುವುದು ಅದೇ 50.

ಪೇಟೆಯಲ್ಲಿ ಇದರಿಂದ ತೊಂದರೆಯಿಲ್ಲ. ಅಲ್ಲಿ ಬೀದಿಗೊಂದು ಗರಡಿ, ಬೀದಿಗೆ ನಾಲ್ವರು ಎದುರಾಳಿಗಳು. ಬೆಳಿಗ್ಗೆ ನಿಂತವನು ಸಂಜೆ ಬೀಳುತ್ತಾನೆ. ಬೇರೆ ಬೇರೆ ಬಣ್ಣದ ಹುಡುಗರು ತಮ್ಮೊಳಗೇ ಸರದಿ ಗೊತ್ತುಮಾಡಿಕೊಂಡು ಒಬ್ಬರನ್ನೊಬ್ಬರು ಬೀಳಿಸುವುದೂ ಉಂಟಂತೆ. ಶತ್ರುವೇ ಅಲ್ಲಿ ಅನ್ನದಾತ. ಹಳ್ಳಿಯಲ್ಲಿ ನಿಲ್ಲಿಸಲು ಗರಡಿ ಸಿಕ್ಕುವುದೇ ಕಷ್ಟ. ಸಿಕ್ಕರೆ ಬೀಳಿಸುವವರು ಸಿಕ್ಕುವುದು ಇನ್ನೂ ಕಷ್ಟ. ನಮ್ಮ ಹುಡುಗನ ಬ್ಲಿಸ್ಸಿಯ ಜತೆಗೆ ನಿಲ್ಲಲು ಇನ್ನೊಬ್ಬರು ಬಂದಿರಲಿಲ್ಲ. ಐದು ಜಾಗ ಖಾಲಿ. ಬಗೆಗಳ ಜೋಡಣೆಯ ಇಡೀ ಶಾಸ್ತ್ರವೇ ಅಲ್ಲಿ ನಿರುಪಯೋಗಿ.

ಇದು ಆಕಸ್ಮಿಕವಲ್ಲ. ಆಟದ ತಾಣಗಳು ಬಂದದ್ದು ಇದೇ ಕಂಪೆನಿಯ ಇಂಗ್ರೆಸ್ ಎಂಬ ಹಿಂದಿನ ಆಟದಿಂದ. 2012ರಲ್ಲಿ ಶುರುವಾದ ಆ ಆಟವನ್ನು ಆಡುತ್ತಿದ್ದವರು ತಾವು ಓಡಾಡುವ ಜಾಗಗಳನ್ನು ಸೂಚಿಸಿದರು. ಆ ನಕ್ಷೆಯೇ ಇಲ್ಲಿಗೂ ಬಂತು. ಮೊದಲು ಬಂದವರ ಓಡಾಟ ಆಮೇಲೆ ಬಂದವರ ಭೂಗೋಳವಾಯಿತು. ಅಮೆರಿಕದ ಅರ್ಬನ್ ಇನ್‌ಸ್ಟಿಟ್ಯೂಟ್ 2016ರಲ್ಲಿ ವಾಷಿಂಗ್ಟನ್ ನಗರದ ಇಂಥ ತಾಣಗಳನ್ನು ಲೆಕ್ಕ ಹಾಕಿತು. ಬಿಳಿಯರು ಹೆಚ್ಚಿರುವ ವಸತಿಗಳಲ್ಲಿ ಸರಾಸರಿ 55, ಕರಿಯರು ಹೆಚ್ಚಿರುವ ವಸತಿಗಳಲ್ಲಿ 19. ಭಾರತದಲ್ಲಿ ಆಟ ಕಾಲಿಟ್ಟದ್ದು ರಿಲಯನ್ಸ್ ಜಿಯೋ ಜತೆಗಿನ ಒಪ್ಪಂದದ ಮೂಲಕ. ಅಂದು ಸಾವಿರಾರು ರಿಲಯನ್ಸ್ ಅಂಗಡಿಗಳು ಆಟದ ತಾಣಗಳಾದವು. ಅಂಗಡಿ ಎಲ್ಲಿಲ್ಲವೋ ಅಲ್ಲಿ ಆಟವೂ ತೆಳುವಾಗುವುದು ಸಹಜ. ಹೊರಗೆ ನಡೆಯಿರಿ, ಲೋಕವನ್ನು ನೋಡಿರಿ ಎಂದು ಕರೆಯುವ ಆಟ, ನಡೆಯಲು ಇಷ್ಟೊಂದು ಕಾಡುದಾರಿಗಳಿರುವ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಾಡಿನ ಮಕ್ಕಳಿಗೆ ಪೇಟೆಯ ಮಕ್ಕಳಿಗೆ ಕೊಡುವಷ್ಟನ್ನು ಕೊಡುವುದಿಲ್ಲ. ಹೀಗೆ ದುಡಿಯಲಾಗದವರು ಅದೇ ನಾಣ್ಯವನ್ನು ನಿಜವಾದ ದುಡ್ಡು ಕೊಟ್ಟು ಕೊಳ್ಳಬಹುದು. ಇದನ್ನು ಹೇಳುವುದನ್ನು ಆಟ ಎಂದೂ ಮರೆಯುವುದಿಲ್ಲ.

ಕೇಳದೆ ಉಳಿದ ಪ್ರಶ್ನೆ

ಈ ಆಟದ ಬಗ್ಗೆ ನಮ್ಮ ಹಿರಿಯರು ಸುಮ್ಮನಿದ್ದರೆಂದಲ್ಲ. ಸೌದಿ ಅರೇಬಿಯಾದಲ್ಲಿ 2001ರಲ್ಲೇ ಪೋಕೆಮಾನ್ ವಿರುದ್ಧ ಫತ್ವಾ ಬಂದಿತ್ತು. ಜೂಜಿನ ಸ್ವರೂಪ, ವಿಕಾಸವಾದದ ನೆರಳು ಎಂಬವು ಅದರಲ್ಲಿದ್ದ ಆಕ್ಷೇಪಗಳು. 2016ರಲ್ಲಿ ಆ ಹಳೆಯ ಫತ್ವಾ ಮತ್ತೆ ಸುದ್ದಿಯಾದಾಗ, ಹೊಸದೇನನ್ನೂ ಹೊರಡಿಸಿಲ್ಲವೆಂದು ಅಲ್ಲಿನವರು ಸ್ಪಷ್ಟಪಡಿಸಬೇಕಾಯಿತು. ಅದೇ ವರ್ಷ ಗುಜರಾತ್ ಹೈಕೋರ್ಟಿನ ಮುಂದೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ಬಂತು; ದೇವಸ್ಥಾನಗಳಲ್ಲಿ ಆಟದ ಮೊಟ್ಟೆಗಳು ಕಾಣಿಸಿಕೊಳ್ಳುವುದು ಭಾವನೆಗೆ ಧಕ್ಕೆ ಎಂಬುದು ಅದರ ದೂರು. ಎರಡೂ ಕಡೆಯವರು ನೋಡಿದ್ದು ಆಟದ ಮೈಮೇಲಿನ ಚಿತ್ರಗಳನ್ನು. ನಿಯಮಗಳನ್ನು ಯಾರೂ ಓದಲಿಲ್ಲ.

2025ರ ಮಾರ್ಚ್‌ನಲ್ಲಿ ನಯಾಂಟಿಕ್ ತನ್ನ ಆಟಗಳ ವ್ಯವಹಾರವನ್ನು ಸ್ಕೋಪ್ಲಿ ಎಂಬ ಕಂಪೆನಿಗೆ 350 ಕೋಟಿ ಡಾಲರಿಗೆ ಮಾರುವುದಾಗಿ ಪ್ರಕಟಿಸಿತು. ಮೇ ತಿಂಗಳಲ್ಲಿ ವ್ಯವಹಾರ ಮುಗಿಯಿತು. ಸ್ಕೋಪ್ಲಿಯ ಒಡೆತನ ಇರುವುದು ಸೌದಿ ಸರಕಾರದ ಹೂಡಿಕೆ ನಿಧಿಗೆ ಸೇರಿದ ಸ್ಯಾವಿ ಗೇಮ್ಸ್ ಸಮೂಹದ ಕೈಯಲ್ಲಿ. ಫತ್ವಾದಿಂದ ಖರೀದಿಯವರೆಗೆ ಇಪ್ಪತ್ತನಾಲ್ಕು ವರ್ಷ. ಇದನ್ನು ನಾನು ಗೇಲಿಗಾಗಿ ಹೇಳುತ್ತಿಲ್ಲ. ಕಾಲ ಬದಲಾಗುತ್ತದೆ, ಅಭಿಪ್ರಾಯಗಳೂ ಬದಲಾಗುತ್ತವೆ. ನನ್ನ ಅಳಲು ಬೇರೆ. ಬೇಡವೆಂದಾಗಲೂ ಬೇಕೆಂದಾಗಲೂ, ಕಾವಲು ನಿಂತವನಿಗೆ ಕೂಲಿ ಯಾವಾಗ ಸಿಗಬೇಕು, ಯಾರಿಗೆ ಸಿಗುತ್ತಿಲ್ಲ ಎಂದು ಯಾರೂ ಕೇಳಲಿಲ್ಲ. ದುಡಿದವನಿಗೆ ಅವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಕಲಿತವರು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದಾಗಿತ್ತು.

ಹುಡುಗನ ರಜೆ ಮುಗಿಯುತ್ತಾ ಬಂತು. ಅವನ ಬ್ಲಿಸ್ಸಿ ಹಾಗೇ ನಿಂತಿತ್ತು. ಕೊನೆಗೆ ಅವನೇ ಒಂದು ಉಪಾಯ ತೆಗೆದ. ನನ್ನ ಫೋನಿನಲ್ಲಿ ಆಟ ಹಾಕಿ, ತನ್ನದಲ್ಲದ ಬಣ್ಣಕ್ಕೆ ನನ್ನನ್ನು ಸೇರಿಸಿದ. ಗರಡಿಗೆ ಕಾಲಿಡಬೇಕಾದರೆ ಐದನೆಯ ಮಟ್ಟ ಮುಟ್ಟಬೇಕಂತೆ. ಒಂದು ವಾರ ಸಂಜೆ ಹೊತ್ತು ಇಬ್ಬರೂ ಸಾಗರದ ಬೀದಿಗಳಲ್ಲಿ ನಡೆದೆವು. ಕುಸ್ತಿ ಬಗೆಯವು ಕಂಡಾಗೆಲ್ಲ ಅವನು ನನ್ನ ಕೈಯಲ್ಲಿ ಹಿಡಿಸಿದ. ತನ್ನ ಕಾವಲುಗಾರನ ದೌರ್ಬಲ್ಯವನ್ನು ಶತ್ರುವಿಗೆ ಇಷ್ಟು ತಾಳ್ಮೆಯಿಂದ ಪಾಠ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಆ ಹಳ್ಳಿಗೆ ಹೋಗಿ ನನ್ನ ಪುಡಿ ಜಟ್ಟಿಗಳನ್ನು ಒಂದರ ಹಿಂದೊಂದು ಬಿಟ್ಟೆ. ದಿನಗಟ್ಟಲೆ ನಿಂತು ಬಲವೆಲ್ಲ ಬತ್ತಿಹೋಗಿದ್ದ ದಾದಿ ಆದರೂ ಸುಲಭಕ್ಕೆ ಬೀಳಲಿಲ್ಲ; ನಾಲ್ಕನೆಯ ಪ್ರಯತ್ನಕ್ಕೆ ಬಿತ್ತು. ಹುಡುಗನ ಫೋನಿನಲ್ಲಿ 50 ನಾಣ್ಯ ಬಂದು ಕೂತಿತು. ಖಾಲಿಯಾದ ಗರಡಿಯಲ್ಲಿ ನನ್ನದೊಂದು ಜಟ್ಟಿಯನ್ನು ನಿಲ್ಲಿಸುವಂತೆ ಅವನೇ ಹೇಳಿದ.

"ಇದನ್ನು ಬೀಳಿಸುವವರು ಯಾರೋ?" ಎಂದೆ.

"ಬಕ್ರೀದಿಗೆ ಬರ್ತೇನಲ್ಲ ಮಾಮೂ, ಆಗ ನಾನೇ ಬೀಳಿಸಿ ಕೊಡ್ತೇನೆ" ಎಂದ.